ಡಬ್ಲಿನ್ನಿನ ವಿಡಿಯೋದಲ್ಲಿ ನಮ್ಮಣ್ಣ

ವಿಮಾನ ನಿಲ್ದಾಣ

ಅರ್ಧ ಮುಖ ಮುಚ್ಚಿಕೊಂಡು ಬಂದವರನ್ನು ಯಾವ ದೇಶ ತಾನೇ ನಂಬೀತು? ಡಬ್ಲಿನ್ನಿನ ಗಾಜಿನ ಗೂಡಿನಲ್ಲಿ ಕೂತಿದ್ದ ಅಧಿಕಾರಿ ಮಾಸ್ಕ್ ಇಳಿಸುವಂತೆ ಸನ್ನೆ ಮಾಡಿದ. ಇಳಿಸಿದೆ. ಪಾಸ್‌ಪೋರ್ಟಿನ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಫೋಟೋದಲ್ಲಿ ನನ್ನ ಕೂದಲು ಕಪ್ಪಗಿತ್ತು. ಕೊರೋನಾದ ಎರಡು ವರ್ಷದಲ್ಲಿ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೆ.

"ಯಾಕೆ ಬಂದಿರಿ?"

"ತಂಗಿಯನ್ನು ನೋಡಲು. ಇಲ್ಲಿ ಡಾಕ್ಟರ್."

"ಯಾವಾಗ ನೋಡಿದ್ದು ಕೊನೆಗೆ?"

"ಈ ರೋಗ ಶುರುವಾಗುವ ಮೊದಲು."

ಅವನು ಮುದ್ರೆ ಒತ್ತಿ "ಗ್ರ್ಯಾಂಡ್" ಅಂದ. ಭವ್ಯವಾದದ್ದು ಇದರಲ್ಲಿ ಏನಿದೆ ಎಂದು ನನಗೆ ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು, ಈ ದೇಶದಲ್ಲಿ ಎಲ್ಲವೂ ಗ್ರ್ಯಾಂಡ್. ಚಹಾ ಬೇಡ ಎಂದರೂ ಗ್ರ್ಯಾಂಡ್, ಮಳೆ ಬಂದರೂ ಗ್ರ್ಯಾಂಡ್, ಕಾಲು ತುಳಿದರೂ ಗ್ರ್ಯಾಂಡ್. ದಾವಣಗೆರೆಯ ಕಾಲೇಜಿನಲ್ಲಿ ಇಡೀ ವೃತ್ತಿಜೀವನ ರಾಜ್ಯಶಾಸ್ತ್ರ ಪಾಠ ಮಾಡಿದವಳು ನಾನು. ಎಲ್ಲದಕ್ಕೂ ಒಪ್ಪಿಗೆ ಸೂಚಿಸುವ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಸಂಶಯ.

ಹೊರಗೆ ತಂಗಿ ಮಂಗಳಾ ನಿಂತಿದ್ದಳು. ಅವಳ ಪಕ್ಕದಲ್ಲಿ ಮಗಳು ಸಿರಿ, ನನ್ನ ಭುಜಕ್ಕೆ ಬರುವಷ್ಟು ಬೆಳೆದಿದ್ದಳು. ಮಂಗಳಾ ನನ್ನನ್ನು ತಬ್ಬಿಕೊಂಡಳು, ಬಿಡಲಿಲ್ಲ. ಆ ವರ್ಷ ಕೊರೋನಾದ ಎರಡನೇ ಅಲೆಯಲ್ಲಿ ನಮ್ಮಣ್ಣ ನಾಗರಾಜ ತೀರಿಕೊಂಡಿದ್ದ. ಅವನ ಅಂತ್ಯಕ್ರಿಯೆಯನ್ನು ಮಂಗಳಾ ಫೋನಿನ ಪರದೆಯ ಮೇಲೆ ನೋಡಿದ್ದಳು, ಅದೂ ಅರ್ಧಕ್ಕೆ ನೆಟ್‌ವರ್ಕ್ ಹೋಗುವವರೆಗೆ. ನಾವಿಬ್ಬರೂ ಎದುರುಬದುರು ನಿಂತದ್ದು ಅದಾದ ಮೇಲೆ ಇದೇ ಮೊದಲು.

ಕಾರಿನ ಹತ್ತಿರ ಹೋಗಿ ಅಭ್ಯಾಸದಂತೆ ಎಡಗಡೆಯ ಮುಂದಿನ ಸೀಟಿನಲ್ಲಿ ಕೂತೆ. ಬೆಲ್ಟು ಹಾಕಿಕೊಂಡ ಮೇಲೆ ಸಿರಿ ಕಿಟಕಿ ತಟ್ಟಿದಳು. "ದೊಡ್ಡಮ್ಮ, ದಟ್ಸ್ ನಾಟ್ ಅವರ್ ಕಾರ್." ನಿಜ. ಕಾರಿನ ಯಜಮಾನ ಹಿಂದೆ ಡಿಕ್ಕಿಯಲ್ಲಿ ಸಾಮಾನು ಜೋಡಿಸುತ್ತಿದ್ದ. ನಾನು ಇಳಿದು ಕ್ಷಮೆ ಕೇಳಿದೆ. ಅವನೂ ನನ್ನ ಕ್ಷಮೆ ಕೇಳಿದ. ಅವನು ಯಾಕೆ ಕೇಳಿದ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಕ್ಯಾಸಲ್‌ನಾಕ್

ಮಂಗಳಾಳ ಮನೆ ಡಬ್ಲಿನ್ನಿನ ಅಂಚಿನಲ್ಲಿರುವ ಕ್ಯಾಸಲ್‌ನಾಕಿನ ಒಂದು ಸಾಲುಮನೆ. ಒಂದೇ ಅಚ್ಚಿನ ಇಟ್ಟಿಗೆ ಮನೆಗಳು, ಬಾಗಿಲಿಗೆ ಮಾತ್ರ ಬೇರೆಬೇರೆ ಬಣ್ಣ. ಅವಳ ಗಂಡನಿಗೆ ಕಾರ್ಕ್ ನಗರದಲ್ಲಿ ಕೆಲಸ, ಶನಿವಾರ ಬಂದು ಭಾನುವಾರ ಹೋಗುತ್ತಾನೆ. ಮಂಗಳಾ ಅರಿವಳಿಕೆ ತಜ್ಞೆ. ಬೆಳಗಾಗುವ ಮೊದಲೇ ಸರ್ಕಾರಿ ಆಸ್ಪತ್ರೆಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮನೆಯಲ್ಲಿ ಉಳಿಯುತ್ತಿದ್ದದ್ದು ನಾನು, ಗೋಡೆಯೊಳಗೆ ಗುಳುಗುಳು ಎನ್ನುವ ಬಿಸಿನೀರಿನ ಪೈಪು, ಶಾಲೆ ಬಿಟ್ಟ ಮೇಲೆ ಸಿರಿ. ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಊಟ ಆಯ್ತಾ ಎಂದರೆ "ಐ ಆಮ್ ಗ್ರ್ಯಾಂಡ್, ದೊಡ್ಡಮ್ಮ." ಇದು ಹೌದೋ ಅಲ್ಲವೋ ತಿಳಿಯದೆ ನಾನು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದೆ.

ಪಕ್ಕದ ಮನೆಯಲ್ಲಿ ನೋರಾ ಎಂಬ ಎಪ್ಪತ್ತು ದಾಟಿದ ಹೆಂಗಸು. ಬೇಲಿಯ ಆಚೆಯಿಂದ ಮಾತಾಡುವುದೇ ಆಗ ನಿಯಮವೂ ಆಗಿತ್ತು, ಅವಳ ಸ್ವಭಾವವೂ ಆಗಿತ್ತು. ಮೊದಲ ದಿನವೇ ನನ್ನ ಮಂಡಿನೋವು, ನನ್ನ ಪಿಂಚಣಿ, ನಾನು ಯಾಕೆ ಮದುವೆಯಾಗಲಿಲ್ಲ, ಎಲ್ಲವನ್ನೂ ವಿಚಾರಿಸಿದಳು. ನಮ್ಮೂರಿನಲ್ಲಿ ಇಂಥವರನ್ನು ಕಂಡರೆ ನಾನು ರಸ್ತೆ ದಾಟುತ್ತೇನೆ. ಇಲ್ಲಿ ದಾಟಲು ರಸ್ತೆಯೇ ಇರಲಿಲ್ಲ.

ಒಂದು ದಿನ ಅವಳು ಹತ್ತಿರದ ಕೆಫೆಗೆ ಕರೆದುಕೊಂಡು ಹೋದಳು. ಆಗ ಒಳಗೆ ಕೂರಲು ಲಸಿಕೆಯ ಸರ್ಟಿಫಿಕೇಟು ತೋರಿಸಬೇಕಿತ್ತು. ಬಾಗಿಲಿನ ಹುಡುಗಿ ನನ್ನ ಫೋನಿನಲ್ಲಿದ್ದ ಕ್ಯೂಆರ್ ಕೋಡಿಗೆ ತನ್ನ ಯಂತ್ರ ಹಿಡಿದಳು. ಅದು ಕೆಂಪಾಯಿತು. ಮತ್ತೆ ಹಿಡಿದಳು. ಮತ್ತೆ ಕೆಂಪು. ಸಾಲಿನಲ್ಲಿದ್ದವರು ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಅದು ಭಾರತದ್ದು, ನಮ್ಮ ಯಂತ್ರಕ್ಕೆ ಅರ್ಥ ಆಗುತ್ತಿಲ್ಲ" ಎಂದು ಹುಡುಗಿ ಮೆಲ್ಲಗೆ ಹೇಳಿದಳು. ನೋರಾ ನನ್ನ ತೋಳು ಹಿಡಿದು, "ಹಾಗಾದರೆ ನಾವು ಹೊರಗೆ ಕೂರುತ್ತೇವೆ, ಅಲ್ಲಿ ಮಳೆಗೆ ಯಾರದೂ ಸರ್ಟಿಫಿಕೇಟು ಬೇಕಾಗಿಲ್ಲ" ಎಂದಳು. ಇಬ್ಬರೂ ಕೊಡೆ ಹಿಡಿದು ಕಾಫಿ ಕುಡಿದೆವು. ಆ ದಿನ ಅವಳ ಮೇಲಿನ ನನ್ನ ಸಂಶಯ ಸ್ವಲ್ಪ ಇಳಿಯಿತು.

ಅದೇ ವಾರ ಶ್ರೀಕಂಠ ಬಂದ.

ಮೈಸೂರಿನವನು. ಅಮೆರಿಕದ ಒಂದು ಸಾಫ್ಟ್‌ವೇರ್ ಕಂಪನಿಯ ಇಲ್ಲಿನ ಕಚೇರಿಯಲ್ಲಿ ಕೆಲಸ, ವಾಸ ಸ್ವೋರ್ಡ್ಸ್ ಎಂಬ ಊರಿನಲ್ಲಿ. ಮಂಗಳಾಳಿಗೆ ಕನ್ನಡಿಗರ ಕೂಟದಲ್ಲಿ ಪರಿಚಯ. ಹೆಂಡತಿ ಮಾಡಿದ ಮೈಸೂರು ಪಾಕು ತಂದಿದ್ದ. ತುಂಬಾ ಚೆನ್ನಾಗಿತ್ತು. ಪರಿಚಯವಿಲ್ಲದವರು ಅಷ್ಟು ಒಳ್ಳೆಯ ಮೈಸೂರು ಪಾಕು ತಂದರೆ ಏನೋ ಕೇಳುವುದಿದೆ ಎಂದೇ ಅರ್ಥ.

"ಮೇಡಂ, ಜಗತ್ತಲ್ಲಿ ಎರಡು ದೊಡ್ಡ ಪ್ರಜಾಪ್ರಭುತ್ವ. ನಮ್ದು, ಅಮೆರಿಕದ್ದು. ಇವೆರಡೂ ಹತ್ತಿರ ಆಗ್ಬೇಕು. ಅದಕ್ಕೆ ಹೊರಗಿರೋ ನಾವೇ ಓಡಾಡ್ಬೇಕು. ನಮ್ಮ ಸಂಘ ಮಾಡ್ತಿರೋದು ಅದನ್ನೇ."

"ಐರ್ಲೆಂಡಿನಲ್ಲಿ ಕೂತು ಭಾರತದ ಪರವಾಗಿ ಅಮೆರಿಕದ ಹತ್ರ ಕೇಳೋದಾ?" ಎಂದೆ. "ಮಧ್ಯದಲ್ಲಿ ಈ ದೇಶದ್ದೇನು ಕೆಲಸ?"

ಅವನು ನಕ್ಕ. ಆ ಪ್ರಶ್ನೆ ಅವನಿಗೆ ಹೊಸದಲ್ಲವೆಂದು ಗೊತ್ತಾಯಿತು. "ಈ ದೇಶದಿಂದಲೇ ಕಲೀಬೇಕು ಮೇಡಂ. ಪುಟ್ಟ ದೇಶ. ಆದ್ರೆ ವಾಷಿಂಗ್ಟನ್‌ನಲ್ಲಿ ಯಾವ ಬಾಗಿಲು ಬೇಕಾದ್ರೂ ಇವ್ರಿಗೆ ತೆಗೀತಾರೆ. ಯಾಕೆ? ಹೊರಗೆ ಹೋದ ಇವರ ಜನ ತಟ್ಟೋದು ಬಿಡ್ಲೇ ಇಲ್ಲ."

ಎರಡನೇ ಅಲೆಯ ಸಮಯದಲ್ಲಿ ಅಮೆರಿಕದ ಭಾರತೀಯರೆಲ್ಲ ಸೇರಿ ಅಲ್ಲಿನ ಸರ್ಕಾರದ ಮೇಲೆ ಒತ್ತಡ ತಂದು ಆಮ್ಲಜನಕದ ಯಂತ್ರಗಳನ್ನು ಕಳಿಸಿಕೊಟ್ಟರಂತೆ. ಮುಂದೆ ಇಂಥ ಕಷ್ಟ ಬಂದರೆ ಎರಡು ದೇಶಗಳೂ ತಡಮಾಡದೆ ಔಷಧ, ಯಂತ್ರ ಹಂಚಿಕೊಳ್ಳುವ ಒಂದು ಒಪ್ಪಂದ ಬೇಕು ಎಂಬುದು ಸಂಘದ ಬೇಡಿಕೆ. ಮೇನೂತ್ ಎಂಬ ಊರಿನಲ್ಲಿ ಸಭೆ. ಅಮೆರಿಕದ ಶಾಸಕರೊಬ್ಬರ ಸಹಾಯಕಿ ಪರದೆಯ ಮೇಲೆ ಬರುತ್ತಾಳೆ. ಅವಳಿಗೆ ತೋರಿಸಲು, ಆಗ ಊರಿನಲ್ಲಿದ್ದವರೊಬ್ಬರ ಮಾತು ಬೇಕು.

"ನೀವು ಅಣ್ಣನ ಜೊತೆಗೇ ಇದ್ರಂತಲ್ಲ ಮೇಡಂ. ಇದ್ದದ್ದು ಇದ್ದ ಹಾಗೆ ಹೇಳಿ ಸಾಕು."

ಇದ್ದದ್ದು ಇದ್ದ ಹಾಗೆ ಹೇಳಿ ಎನ್ನುವವರಿಗೆ ಇದ್ದದ್ದು ಬೇಕಾಗಿರುವುದಿಲ್ಲ ಎಂಬುದು ನನ್ನ ಅನುಭವ. ಆದರೂ ಒಪ್ಪಿಕೊಂಡೆ. ಅಣ್ಣ ಸತ್ತ ಮೇಲೆ ಆ ದಿನಗಳ ಬಗ್ಗೆ ನನ್ನನ್ನು ಪೂರ್ತಿಯಾಗಿ ಯಾರೂ ಕೇಳಿರಲಿಲ್ಲ. ಎಲ್ಲರ ಮನೆಯಲ್ಲೂ ಅವರವರದೇ ದುಃಖ ಇತ್ತು.

ಅವನು ಅಡುಗೆಮನೆಯ ಮೇಜಿನ ಮೇಲೆ ಫೋನು ನಿಲ್ಲಿಸಿದ. ನಾನು ಹೇಳಿದೆ. ಅಣ್ಣ ಮದುವೆ ಕಾರ್ಡು ಅಚ್ಚುಹಾಕುವ ಪ್ರೆಸ್ಸು ನಡೆಸುತ್ತಿದ್ದದ್ದು. ಅವನಿಗೆ ಜ್ವರ ಬಂದದ್ದು. ಮಂಗಳಾ ಫೋನಿನಲ್ಲಿ "ಇನ್ನೆರಡು ದಿನ ಮನೇಲೇ ನೋಡೋಣ" ಅಂದದ್ದು. ಉಸಿರು ಸಾಲದೆ ಆಟೋದಲ್ಲಿ ಕರೆದುಕೊಂಡು ಹೋದದ್ದು. ಆಸ್ಪತ್ರೆಯ ಕಾರಿಡಾರಿನ ಬೆಂಚು. ಒಂದು ಸಿಲಿಂಡರು, ಮೂರು ಜನ. ಬೆಳಗ್ಗೆ ಅವನು ಹೋದದ್ದು. ಆಮೇಲೆ ಮರಣ ಪ್ರಮಾಣಪತ್ರಕ್ಕೆ ಹೋದಾಗ ಅದೇ ಕಾರಿಡಾರಿನಲ್ಲಿ ಅಮೆರಿಕದ ಯಂತ್ರಗಳ ಪೆಟ್ಟಿಗೆ ಕಂಡದ್ದು. ಪ್ರತಿ ಪೆಟ್ಟಿಗೆಯ ಮೇಲೂ ಎರಡು ಬಾವುಟದ ಚೀಟಿ. "ಬಂದದ್ದು ಒಳ್ಳೇದೇ. ಆದರೆ ಅವರೂ ತಡ ಮಾಡಿದರು, ನಮ್ಮವರೂ ತಡ ಮಾಡಿದರು" ಎಂದು ಮುಗಿಸಿದೆ.

ತಿರುಗಿ ನೋಡಿದರೆ ಮಂಗಳಾ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯಿಂದ ಬೇಗ ಬಂದಿದ್ದಳು. ಕೋಟು ಕೂಡ ತೆಗೆದಿರಲಿಲ್ಲ. "ಕಾಫಿ ಮಾಡ್ಲಾ?" ಎಂದೆ. ಬೇಡವೆಂದು ತಲೆಯಾಡಿಸಿ ಮೆಟ್ಟಿಲು ಹತ್ತಿ ಹೋದಳು. ದಣಿದಿದ್ದಾಳೆ ಎಂದುಕೊಂಡೆ.

ಸ್ವೋರ್ಡ್ಸ್

ಕೆಲವು ದಿನ ಕಳೆದು ಶ್ರೀಕಂಠ ವಿಡಿಯೋ ಕಳಿಸಿದ. ಚಂದದ ವೀಣೆ ಹಿನ್ನೆಲೆಯಲ್ಲಿ. ಕೆಳಗೆ ಇಂಗ್ಲಿಷ್ ಅಕ್ಷರಗಳು. ನನ್ನ ಮುಖ ಬಂತು. "ನಮ್ಮಣ್ಣನಿಗೆ ಜ್ವರ ಬಂತು" ಎಂದೆ. ಆಮೇಲೆ ಪರದೆ ಒಮ್ಮೆ ಮಂಜಾಗಿ ತಿಳಿಯಾಯಿತು. "ಅಮೆರಿಕದಿಂದ ಯಂತ್ರಗಳು ಬಂದವು" ಎಂದೆ. "ಬಂದದ್ದು ಒಳ್ಳೇದೇ" ಎಂದೆ. ಎರಡು ಬಾವುಟ ಬಂದು ಒಂದರ ಪಕ್ಕ ಒಂದು ನಿಂತವು. ಮುಗಿಯಿತು.

ಮತ್ತೆ ನೋಡಿದೆ. ಸಿರಿಯನ್ನು ಕರೆದು, ಇದೇನಾದರೂ ಅರ್ಧ ಬಂದಿದೆಯಾ ನೋಡು ಎಂದೆ. ಪೂರ್ತಿ ಬಂದಿದೆ ಎಂದಳು. ಅವಳಿಗೆ ಅನುಮಾನ ಬಂದದ್ದು ಬೇರೆ ಕಡೆ. "ಬಟ್ ದೊಡ್ಡಮ್ಮ, ಮಾಮ ಡೈಡ್."

ಆ ವಿಡಿಯೋದಲ್ಲಿ ನಮ್ಮಣ್ಣ ಸಾಯಲಿಲ್ಲ. ಜ್ವರ ಬಂತು, ಯಂತ್ರ ಬಂತು, ಒಳ್ಳೇದಾಯಿತು. ನೋಡಿದವರು ಅವನು ಈಗ ಪ್ರೆಸ್ಸಿನಲ್ಲಿ ಕೂತು ಕಾರ್ಡಿನ ಪ್ರೂಫು ತಿದ್ದುತ್ತಿದ್ದಾನೆ ಎಂದುಕೊಳ್ಳಬೇಕು.

ನನಗೆ ಕೋಪಕ್ಕಿಂತ ಮೊದಲು ಬಂದದ್ದು ಒಂದು ಬಗೆಯ ತೃಪ್ತಿ. ಹಾಗನ್ನುವುದು ಚಂದವಲ್ಲ. ನಾನು ಎಣಿಸಿದ್ದು ನಿಜವಾಯಿತಲ್ಲ ಎಂಬ ತೃಪ್ತಿ. ಮಾರನೆಯ ದಿನ ಯಾರಿಗೂ ಹೇಳದೆ ಸ್ವೋರ್ಡ್ಸ್‌ಗೆ ಹೊರಟೆ. ನಗರಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಮ್ಮಲ್ಲಿ ಕಂಡಕ್ಟರಿಗೆ ಬೈದು ಇಳಿಯುವುದೇ ಹೆಚ್ಚು. ನಾನು ಆ ದಿನ ಯಾರಿಗೂ ಥ್ಯಾಂಕ್ಸ್ ಹೇಳುವ ಮನಸ್ಥಿತಿಯಲ್ಲಿರಲಿಲ್ಲ. ಆದರೂ ಬಾಯಿಗೆ ತಾನಾಗಿ ಬಂದುಬಿಟ್ಟಿತು.

ಶ್ರೀಕಂಠ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಬಾಗಿಲು ತೆಗೆದವನ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪಂಚೆ. ನನ್ನನ್ನು ನೋಡಿ ಅವನ ನಗು ಅರ್ಧ ಬಂದು ನಿಂತಿತು.

"ನಮ್ಮಣ್ಣನನ್ನ ಯಾಕೆ ಬದುಕಿಸಿದ್ರಿ?" ಎಂದೆ ಹೊಸ್ತಿಲಲ್ಲೇ.

ಒಳಗೆ ಕರೆದ. ಕೂರಿಸಿದ. ನೀರು ತಂದ. ಅಷ್ಟು ಹೊತ್ತಿನಲ್ಲಿ ಏನು ಹೇಳಬೇಕೆಂದು ಯೋಚಿಸುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು.

"ಮೇಡಂ, ಎಡಿಟಿಂಗ್‌ನಲ್ಲಿ ಸ್ವಲ್ಪ..."

"ಸರ್ಕಾರಗಳನ್ನ ಬೈದದ್ದು ಬೇಡ ಅನ್ನಿಸ್ತಾ? ಅಮೆರಿಕದವರಿಗೆ ಬೇಜಾರಾಗುತ್ತೆ ಅಂತಲೋ, ನಮ್ಮವರಿಗೆ ಬೇಜಾರಾಗುತ್ತೆ ಅಂತಲೋ? ಯಾರು ಹೇಳಿದ್ರು ತೆಗೀರಿ ಅಂತ?"

ಅವನು ನೀರಿನ ಲೋಟವನ್ನು ನನ್ನ ಕಡೆ ಸರಿಸಿದ. ಅದೇ ನನಗೆ ಇನ್ನಷ್ಟು ಸಂಶಯ ತಂದಿತು. "ಯಾರೋ ಮೇಲಿನವರು ಹೇಳಿದ್ದಾರೆ. ಹೆಸರು ಹೇಳಿ" ಎಂದೆ.

"ಮೇಲಿನವರು ಯಾರೂ ಇಲ್ಲ ಮೇಡಂ." ಕಿಟಕಿಯ ಕಡೆ ನೋಡಿದ. "ನಾನು ಹೇಳಬಾರದು. ನಿಮ್ಮ ಮನೇಲೇ ಕೇಳಿ."

"ನಮ್ಮ ಮನೇಲಿ ಯಾರು?" ಎಂದೆ. ಕೇಳುವಾಗಲೇ ಉತ್ತರ ತಿಳಿಯಿತು. ಆ ಮನೆಯಲ್ಲಿ ಇರುವುದೇ ಇನ್ನೆಷ್ಟು ಜನ?

ಅವನು ಮೆಲ್ಲಗೆ ಹೇಳಿದ. ಮಂಗಳಾ ಫೋನು ಮಾಡಿದ್ದಳಂತೆ. ಒಂದೇ ಒಂದು ವಾಕ್ಯ ತೆಗೆಯಿರಿ ಎಂದಿದ್ದಳಂತೆ, ತನ್ನ ವಾಕ್ಯ, ಇನ್ನೆರಡು ದಿನ ಮನೇಲೇ ನೋಡೋಣ ಎನ್ನುವುದು. "ಅದನ್ನ ತೆಗೆದ್ರೆ ಮುಂದಿಂದು ಕೂಡ್ತಾ ಇರಲಿಲ್ಲ. ಕೂಡೋವರೆಗೂ ತೆಗೀತಾ ಹೋದೆ. ಕೊನೇ ಮಾತು ನಾನೇ ತೆಗೆದೆ. ತೆಗೆದ ಮೇಲೆ ಚೆನ್ನಾಗಿ ಬಂತು ಅಂತಲೂ ಅನ್ನಿಸ್ತು ಮೇಡಂ, ಸುಳ್ಳು ಹೇಳಲ್ಲ. ಪಾಸಿಟಿವ್ ಆಗಿತ್ತು."

"ಪಾಸಿಟಿವ್" ಎಂದೆ. ಆ ವರ್ಷ ಆ ಪದಕ್ಕೆ ಬೇರೆಯೇ ಅರ್ಥವಿತ್ತು. ಅವನಿಗೂ ಹೊಳೆದಿರಬೇಕು, ತಲೆ ತಗ್ಗಿಸಿದ.

ನಾನು ಏಳುವಾಗ, ಕೇಳದಿದ್ದರೂ ಅವನಾಗಿ ಹೇಳಿದ, "ಆಗ ಊರಿಂದ ಹಗಲೂರಾತ್ರಿ ಫೋನ್ ಬರ್ತಿತ್ತು ಮೇಡಂ. ಆಕ್ಸಿಜನ್ ಕೊಡ್ಸಿ, ಬೆಡ್ ಕೊಡ್ಸಿ. ಒಂದಿನ ಒಂದು ಕಾಲ್ ಎತ್ತಲಿಲ್ಲ, ನಿದ್ದೆ ಬಂದಿತ್ತು. ಆ ನಂಬರು ಈಗಲೂ ಫೋನಲ್ಲಿದೆ. ವಾಪಸ್ ಮಾಡೋಕೆ ಧೈರ್ಯ ಬಂದಿಲ್ಲ. ಅದಕ್ಕೇ ಈ ಸಂಘ, ಈ ಓಡಾಟ ಎಲ್ಲ."

ನಿಜವೋ, ನನ್ನನ್ನು ಕರಗಿಸಲು ಹೇಳಿದ್ದೋ? ಬಸ್ಸಿನಲ್ಲಿ ಕೂತು ಅದನ್ನೇ ತೂಗಿದೆ. ಎರಡೂ ಇರಬಹುದು ಎನ್ನಿಸಿತು.

ಫೀನಿಕ್ಸ್ ಪಾರ್ಕ್

ಮನೆಯಲ್ಲಿ ತಕ್ಷಣ ಕೇಳಲಿಲ್ಲ. ಈಗ ಸಂಶಯಪಡಬೇಕಾದವಳು ನನ್ನ ತಂಗಿಯೇ ಆಗಿದ್ದಳು, ಅದು ನನಗೆ ಅಭ್ಯಾಸವಿರಲಿಲ್ಲ. ಅವಳು ಅನ್ನ ಬಡಿಸಿದರೆ ಮುಖ ನೋಡುತ್ತಿದ್ದೆ. ಶುಭರಾತ್ರಿ ಎಂದರೆ ದನಿ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಬಾಯಿಂದ ತನ್ನ ತಪ್ಪು ಹೊರಬಿದ್ದೀತೆಂದು ಹೆದರಿದಳೇ? ಇಲ್ಲಿನ ಸಹೋದ್ಯೋಗಿಗಳ ಎದುರು ಮರ್ಯಾದೆ ಹೋದೀತೆಂದೇ? ನಾನು ಅವಳನ್ನು ದೂರಲು ಆ ಮಾತು ಹೇಳಿರಲಿಲ್ಲ. ನಡೆದದ್ದರಲ್ಲಿ ಅದೂ ಒಂದಾಗಿತ್ತು.

ಬೇಲಿಯ ಹತ್ತಿರ ನೋರಾಳಿಗೆ ಸಂಘದ ವಿಷಯ ಮಾತ್ರ ಹೇಳಿದೆ. ಹೀಗೆ ದೊಡ್ಡ ದೇಶದ ಬಾಗಿಲು ತಟ್ಟುವವರನ್ನು ನಂಬಬಹುದೇ ಎಂದು ಕೇಳಿದೆ. ಅವಳು ಹರೆಯದಲ್ಲಿ ಅಮೆರಿಕದ ಬಾಸ್ಟನ್ನಿಗೆ ಹೋಗಿ ಮನೆಗೆಲಸ ಮಾಡಿದವಳಂತೆ. ಬಹಳ ವರ್ಷ ಕಾಗದಪತ್ರವಿಲ್ಲದೆ ಅಡಗಿಕೊಂಡಿದ್ದಳಂತೆ. "ಅಲ್ಲಿನ ನಮ್ಮ ಐರಿಷ್ ಸಂಘದವರು ವರ್ಷಕ್ಕೊಮ್ಮೆ ನಮ್ಮನ್ನ ಹಸಿರು ಬಟ್ಟೆಯಲ್ಲಿ ನಿಲ್ಲಿಸಿ ಹಾಡಿಸ್ತಿದ್ರು. ನನಗೆ ನಾಚಿಕೆ ಆಗ್ತಿತ್ತು. ಆದರೆ ಕೊನೆಗೆ ನನಗೆ ಕಾಗದ ಸಿಕ್ಕಿದ್ದು ಅವರಿಂದಲೇ. ಅಮ್ಮ ಸತ್ತಾಗ ಬರೋಕೆ ಆಗಿರಲಿಲ್ಲ, ಅಪ್ಪ ಸತ್ತಾಗ ಬಂದೆ" ಎಂದಳು. ಆಮೇಲೆ, "ನಂಬಬೇಡ. ಆದರೆ ಹಾಡು ಮಾತ್ರ ನೀನೇ ಆರಿಸಿಕೊ" ಎಂದಳು.

ಭಾನುವಾರ ಮಂಗಳಾಳಿಗೆ ರಜೆ. ಇಬ್ಬರೇ ಫೀನಿಕ್ಸ್ ಪಾರ್ಕಿಗೆ ನಡೆದೆವು. ಪಾರ್ಕು ಎಂದರೆ ನಮ್ಮ ಬೆಂಚು, ಜಾರುಬಂಡೆಯ ಪಾರ್ಕಲ್ಲ. ಹುಲ್ಲುಗಾವಲು ಕಣ್ಣಿಗೆ ಮುಗಿಯುವುದಿಲ್ಲ. ಮರಗಳ ಹಿಂದೆ ಒಂದು ಕಡೆ ಇವರ ರಾಷ್ಟ್ರಾಧ್ಯಕ್ಷರ ಬಿಳಿ ಮನೆ, ರಸ್ತೆಯ ಇನ್ನೊಂದು ಕಡೆ ಅಮೆರಿಕದ ರಾಯಭಾರಿಯ ಮನೆ. ನೆರೆಹೊರೆ. ಶ್ರೀಕಂಠನಿಗೆ ಈ ದೇಶದ ಮೇಲೆ ಯಾಕೆ ಹೊಟ್ಟೆಯುರಿ ಎಂದು ಅರ್ಥವಾಯಿತು. ಜಿಂಕೆಗಳು ಬೆದೆಗೆ ಬಂದ ಕಾಲ. ಕೊಂಬಿನ ಗಂಡು ಜಿಂಕೆಯೊಂದು ನಿಂತಲ್ಲೇ ಕತ್ತು ಚಾಚಿ ಕೂಗುತ್ತಿತ್ತು. ಜಿಂಕೆಗೆ ಅಂಥ ಒರಟು ದನಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಮಂಗಳಾ, ಆ ಮಾತನ್ನ ತೆಗೆಸಿದ್ದು ನೀನಾ?"

ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ. "ಹೂಂ" ಎಂದಳು.

"ನಾನು ನಿನ್ನ ಮೇಲೆ ತಪ್ಪು ಹೊರಿಸ್ಲಿಲ್ಲ ಕಣೆ. ನೀನು ಡಾಕ್ಟರು, ಆಗ ಎಲ್ಲ ಡಾಕ್ಟರೂ ಹಾಗೇ ಹೇಳ್ತಿದ್ರು."

"ಅದಲ್ಲ ಅಕ್ಕ." ಈಗ ನಿಂತಳು. "ಮನೇಲಿದ್ರೆ ಹುಷಾರಾಗ್ತಾನೆ ಅಂತ ನಾನು ಹೇಳಿದ್ದಲ್ಲ ಅದು. ಬೆಡ್ ಇರಲಿಲ್ಲ. ಗೊತ್ತಿದ್ದೇ ಹೇಳಿದೆ."

ನನಗೆ ತಿಳಿಯಲಿಲ್ಲ. ಅವಳೇ ಹೇಳಿದಳು. ಆ ದಿನ ಅವಳು ತನ್ನ ಜೊತೆ ಓದಿದವರಿಗೆಲ್ಲ ಫೋನು ಮಾಡಿದ್ದಳಂತೆ. ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು. ಎಲ್ಲೂ ಬೆಡ್ ಇಲ್ಲ, ಆಮ್ಲಜನಕ ಇಲ್ಲ. ಕೊನೆಗೆ ಗೆಳತಿಯೊಬ್ಬಳು, ಇಲ್ಲಿ ಕರ್ಕೊಂಡು ಬಂದ್ರೆ ನೆಲದ ಮೇಲೆ ಮಲಗಿಸ್ಬೇಕು, ಮನೇಲಾದ್ರೆ ಹಾಸಿಗೆ ಆದ್ರೂ ಇರುತ್ತೆ ಎಂದಳಂತೆ.

"ನಿನಗೆ ಹೇಗೆ ಹೇಳಲಿ? ನೀನು ಅವನ ಪಕ್ಕದಲ್ಲೇ ಕೂತಿದ್ದೆ, ಸ್ಪೀಕರ್ ಆನ್ ಇತ್ತು. ಎರಡು ದಿನ ನೋಡೋಣ ಅಂದೆ. ಅವನು ಸರಿ ಡಾಕ್ಟ್ರೇ ಅಂತ ನಕ್ಕ. ನಾನು ಆಗ ಕಾರಲ್ಲಿದ್ದೆ, ನಮ್ಮ ಆಸ್ಪತ್ರೆ ಪಾರ್ಕಿಂಗ್‌ನಲ್ಲಿ. ಇಲ್ಲಿ ಅಷ್ಟು ಹೊತ್ತಿಗೆ ಸೋಂಕು ಕಮ್ಮಿ ಆಗಿತ್ತು ಅಕ್ಕ. ಮೇಲೆ ನನ್ನ ವಾರ್ಡಲ್ಲಿ ಬೆಡ್ ಖಾಲಿ ಇತ್ತು. ಒಗೆದ ಬೆಡ್‌ಶೀಟ್ ಹಾಸಿ ಇಟ್ಟಿದ್ರು."

ಜಿಂಕೆ ಮತ್ತೆ ಕೂಗಿತು. ನಾನು ಅವಳ ಕೈ ಹಿಡಿದೆ. ಗ್ಲೌಸಿನೊಳಗೂ ಕೈ ತಣ್ಣಗಿತ್ತು. ನಾನು ಅಷ್ಟು ತಿಂಗಳು ಒಬ್ಬಳೇ ಕಾರಿಡಾರಿನಲ್ಲಿ ಕೂತಿದ್ದೆ ಎಂದುಕೊಂಡಿದ್ದೆ. ಅವಳು ಇಲ್ಲಿ ಒಂದು ಖಾಲಿ ಹಾಸಿಗೆಯ ಪಕ್ಕ ನಿಂತೇ ಇದ್ದಳು.

"ಆ ವಿಡಿಯೋ ತೋರಿಸೋದು ಬೇಡ ಅಂತ ಶ್ರೀಕಂಠನಿಗೆ ಹೇಳ್ತೀನಿ" ಎಂದೆ.

"ಹೇಳು" ಎಂದಳು.

ಮೇನೂತ್

ಶ್ರೀಕಂಠ ಮರುಮಾತಾಡದೆ ಒಪ್ಪಿದ. ವಿಡಿಯೋ ಇಲ್ಲ, ನೀವೇ ಬಂದು ನಾಲ್ಕು ಮಾತಾಡಿ ಎಂದ. ಇಷ್ಟು ಬೇಗ ಒಪ್ಪಿದನಲ್ಲ ಎಂದು ಅದಕ್ಕೂ ಸ್ವಲ್ಪ ಅನುಮಾನಪಟ್ಟೆ.

ಮೇನೂತ್ ವಿದ್ಯಾರ್ಥಿಗಳ ಊರು. ಸೈಕಲ್ಲು, ಪುಸ್ತಕದ ಅಂಗಡಿ, ಹಳೆಯ ಕಲ್ಲಿನ ಕಟ್ಟಡ. ಸಭೆ ಒಂದು ಸಮುದಾಯ ಭವನದಲ್ಲಿ. ಸೋಂಕು ಮತ್ತೆ ಏರುತ್ತಿದ್ದುದರಿಂದ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಎಲ್ಲರೂ ಕೋಟು ತೊಟ್ಟು, ಮಫ್ಲರು ಸುತ್ತಿ, ಮಾಸ್ಕ್ ಹಾಕಿ, ಕುರ್ಚಿಗಳ ನಡುವೆ ಅಂತರ ಬಿಟ್ಟು ಕೂತಿದ್ದರು. ಡಾಕ್ಟರುಗಳು, ಇಂಜಿನಿಯರುಗಳು, ಒಂದಿಬ್ಬರು ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟು ಹಾಕಿದ ಹೆಂಗಸರು. ಕಣ್ಣು ಮಾತ್ರ ಕಾಣುವ ಜನರ ಎದುರು ಮಾತಾಡುವುದು ಕಷ್ಟ. ಪಾಠ ಮಾಡುವಾಗ ನಾನು ಹುಡುಗರ ಬಾಯಿ ನೋಡಿ ಅರ್ಥವಾಯಿತೋ ಇಲ್ಲವೋ ತಿಳಿಯುತ್ತಿದ್ದವಳು.

ದೊಡ್ಡ ಪರದೆಯ ಮೇಲೆ ಅಮೆರಿಕದ ಸಹಾಯಕಿ ಬಂದಳು. ಚಿಕ್ಕ ವಯಸ್ಸು, ಹಿಂದೆ ಪುಸ್ತಕದ ಕಪಾಟು. ಶ್ರೀಕಂಠ ಎರಡು ಪ್ರಜಾಪ್ರಭುತ್ವಗಳ ಮಾತು ಹೇಳಿದ. ಇನ್ನೊಬ್ಬರು ವ್ಯಾಪಾರದ ಮಾತು ಹೇಳಿದರು. ಎಲ್ಲದಕ್ಕೂ ಅವಳು ತಲೆಯಾಡಿಸುತ್ತಿದ್ದಳು. ಆಮೇಲೆ ನನ್ನ ಹೆಸರು ಕರೆದರು.

ನಾನು ಏಳುವ ಮೊದಲೇ ಮಂಗಳಾ ಎದ್ದಳು. "ಅಕ್ಕ, ನಾನು ಹೇಳ್ತೀನಿ" ಎಂದಳು.

ಮುಂದೆ ಹೋಗಿ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅಡುಗೆಮನೆಯಲ್ಲಿ ಹೇಳಿದ್ದನ್ನೆಲ್ಲ ಹೇಳಿದಳು. ಆಟೋ, ಬೆಂಚು, ಸಿಲಿಂಡರು. ಅಣ್ಣ ಸತ್ತ ಎಂದು ಹೇಳಿದಳು. ಪೆಟ್ಟಿಗೆಗಳು ಆಮೇಲೆ ಬಂದವು ಎಂದಳು. ಅವರೂ ತಡ ಮಾಡಿದರು, ನಮ್ಮವರೂ ತಡ ಮಾಡಿದರು ಎಂದಳು. ಆಮೇಲೆ ತನ್ನ ವಾಕ್ಯವನ್ನೂ ಹೇಳಿದಳು. "ನಾನು ಅವನಿಗೆ ಎರಡು ದಿನ ಕಾಯಲು ಹೇಳಿದೆ. ಕಾದರೆ ಗುಣವಾಗುತ್ತದೆ ಎಂದಲ್ಲ. ಹೋಗಲು ಜಾಗವಿಲ್ಲ ಎಂದು ನನಗೆ ಗೊತ್ತಿತ್ತು."

ಮುಂದಿನ ಸಾಲಿನ ಗಂಡಸೊಬ್ಬ ಶ್ರೀಕಂಠನ ಕಡೆ ಬಾಗಿ, "ಏನ್ರೀ ಇದು, ನೆಗೆಟಿವ್ ಆಯ್ತಲ್ಲ" ಎಂದ. ಶ್ರೀಕಂಠ, "ಸುಮ್ನಿರಿ ಸಾರ್" ಎಂದ. ಅಷ್ಟು ಗಡುಸಾಗಿ ಅವನು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹಿಂದಿನ ಸಾಲಿನಲ್ಲಿ ಡಾಕ್ಟರೊಬ್ಬಳು ಮಾಸ್ಕ್ ಕೆಳಗೆ ಬೆರಳು ತೂರಿಸಿ ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳೂ ಯಾರಿಗೋ ಎರಡು ದಿನ ಎಂದಿದ್ದಳೇನೋ.

ಪರದೆಯ ಹುಡುಗಿ, ಹಂಚಿಕೊಂಡದ್ದಕ್ಕೆ ಧನ್ಯವಾದ, ಬಹಳ ಶಕ್ತಿಯುತವಾಗಿತ್ತು ಎಂದಳು. ಇಷ್ಟೇ ಎಂದುಕೊಂಡೆ. ಗ್ರ್ಯಾಂಡ್ ಎನ್ನುವುದೊಂದು ಬಾಕಿ. ಆದರೆ ಅವಳು ಮುಂದಿನವರನ್ನು ಕರೆಯಲು ಬಿಡಲಿಲ್ಲ. "ಆ ದಿನ ಯಾರೋ ಒಬ್ಬರು ಫೋನು ಎತ್ತಬಹುದಿತ್ತು ಎಂದಾದರೆ, ಅದು ಯಾರಾಗಿರಬೇಕಿತ್ತು?" ಎಂದು ಕೇಳಿದಳು.

ಮಂಗಳಾ ಯೋಚಿಸಿದಳು. "ಆಮ್ಲಜನಕ ಎಲ್ಲಿದೆ ಅಂತ ಗೊತ್ತಿರುವ ಒಬ್ಬರು. ಯಾವ ದೇಶದವರಾದರೂ ಸರಿ. ನಾನು ಮಾತಾಡಿದವರಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ."

ಹುಡುಗಿ ತಲೆ ತಗ್ಗಿಸಿ ಏನೋ ಬರೆದುಕೊಂಡಳು. ಅವಳ ಕೈ ಪರದೆಯ ಕೆಳಗಿತ್ತು. ನಿಜವಾಗಿ ಬರೆದಳೋ, ಸುಮ್ಮನೆ ಗೀಚಿದಳೋ, ಕತ್ತು ಉದ್ದ ಮಾಡಿದರೂ ನನಗೆ ಕಾಣಲಿಲ್ಲ. ಆ ಬೇಡಿಕೆ ಮುಂದೆ ಏನಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಶ್ರೀಕಂಠ ಆಗಾಗ ಸಂದೇಶ ಕಳಿಸುತ್ತಾನೆ, ಕೆಲಸ ನಡೀತಿದೆ ಮೇಡಂ ಎಂದು. ನಡೆಯುತ್ತಿರಬಹುದು.

ವಾಪಸು ದಾರಿ

ಸಂಜೆಗೇ ಕತ್ತಲಾಗಿತ್ತು. ಮಂಗಳಾ ಕಾರು ನಡೆಸುತ್ತಿದ್ದಳು, ನಾನು ಪಕ್ಕದಲ್ಲಿ. ಮಳೆ ಸಣ್ಣಗೆ ಹಿಡಿದಿತ್ತು. ಕ್ಯಾಸಲ್‌ನಾಕಿನ ತಿರುವಿಗಿಂತ ಮೊದಲು ಅವಳು ರಸ್ತೆಯ ಬದಿಗೆ ಕಾರು ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ.

"ಅಕ್ಕ, ಅಣ್ಣ ಕೊನೇಲಿ ಏನಂದ?"

ಇದನ್ನು ಅವಳು ಅಷ್ಟು ತಿಂಗಳು ಕೇಳಿರಲಿಲ್ಲ. ಏನಾದರೂ ದೊಡ್ಡ ಮಾತು ಹೇಳಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ನಿನ್ನ ಹೆಸರು ಹೇಳಿದ ಎನ್ನಬಹುದಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

"ಮನೆ ಮೋಟರ್ ಆನ್ ಆಗೇ ಇದೆ, ಟ್ಯಾಂಕು ತುಂಬಿ ಹರೀತಿರುತ್ತೆ ನೋಡು ಅಂದ" ಎಂದೆ. "ಬೆಂಚಿನ ಮೇಲೆ ನನಗೆ ಒರಗಿಕೊಂಡು ಕೂತಿದ್ದ. ಉಸಿರು ಎಳ್ಕೊಂಡು ಎಳ್ಕೊಂಡು ಅದನ್ನೇ ಹೇಳ್ದ. ಆಟೋ ಬಂದ ಗಾಬರೀಲಿ ಆಫ್ ಮಾಡೋದು ಮರೆತಿದ್ವಿ."

ಮಂಗಳಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೊದಲು ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಎರಡೂ ಆಯಿತು.

"ಆಫ್ ಮಾಡ್ಸಿದ್ಯಾ?"

"ಎದುರುಮನೆಯವರಿಗೆ ಫೋನ್ ಮಾಡ್ದೆ. ರಸ್ತೆವರೆಗೂ ನೀರು ಹರಿದಿತ್ತಂತೆ. ಆಫ್ ಮಾಡಿದ್ರು."

"ಅವನಿಗೆ ಹೇಳಿದ್ಯಾ?"

"ಹೇಳ್ದೆ."

"ಏನಂದ?"

"ಸರಿ, ಅಂದ."